ನಿರಂಜನರ ಕಾದಂಬರಿಗಳ ಪ್ರೇರಣೆ: ಕಯ್ಯೂರಿನಿಂದ ಈಜಿಪ್ಟಿನವರೆಗೆ

ಪ್ರಗತಿಶೀಲ ಪಂಥದ ಪ್ರಮುಖ ಕಾದಂಬರಿಕಾರರಾದ ನಿರಂಜನರ (ಕುಳಕುಂದ ಶಿವರಾಯ, ಜನನ 1924) ಪ್ರೇರಣೆಯನ್ನು ಮಾರ್ಕ್ಸ್‌ವಾದದಲ್ಲಿ ಗುರುತಿಸುವುದು ವಿಮರ್ಶೆಯ ರೂಢಿ. ಅದು ಸತ್ಯವೇ ಆದರೂ ಪೂರ್ಣ ಸತ್ಯವಲ್ಲ. ಸಿದ್ಧಾಂತವು ಅವರಿಗೆ ದೃಷ್ಟಿಯನ್ನು ನೀಡಿತು. ನೋಡಬೇಕಾದ ವಸ್ತುವನ್ನು ನೀಡಿದ್ದು ಅವರು ಬೆಳೆದ ನೆಲ.

ನಿರಂಜನರು ವಿದ್ಯಾರ್ಥಿಯಾಗಿದ್ದ ನೀಲೇಶ್ವರಕ್ಕೆ ಕಯ್ಯೂರು ದೂರವಲ್ಲ. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಆ ಹಳ್ಳಿಯಲ್ಲಿ 1941ರ ಮಾರ್ಚಿಯಲ್ಲಿ ರೈತರ ಮೆರವಣಿಗೆಗೆ ಎದುರಾದ ಪೊಲೀಸನೊಬ್ಬ ಹೊಳೆಯ ಪಾಲಾದ. ಆ ಪ್ರಕರಣದಲ್ಲಿ ನಾಲ್ವರು ರೈತ ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. 'ಚಿರಸ್ಮರಣೆ' ಪ್ರಕಟವಾದದ್ದು 1955ರಲ್ಲಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಲೇಖಕರು ಪತ್ರಿಕಾವೃತ್ತಿಯನ್ನೂ ಭೂಗತ ಜೀವನವನ್ನೂ ಕಂಡಿದ್ದರು. ತಕ್ಷಣದ ಆಕ್ರೋಶದಿಂದ ಹುಟ್ಟಬಹುದಾಗಿದ್ದ ಕೃತಿ ಈ ಅವಧಿಯಲ್ಲಿ ಮಾಗಿತು. ಆದ್ದರಿಂದಲೇ ಕಾದಂಬರಿ ಗಲ್ಲುಗಂಬದಿಂದ ತೊಡಗುವುದಿಲ್ಲ. ಅಪ್ಪು ಮತ್ತು ಚಿರುಕಂಡ ಎಂಬ ಇಬ್ಬರು ಹುಡುಗರಿಂದಲೂ ಅವರಿಗೆ ಲೋಕವನ್ನು ತಿಳಿಸಿಕೊಟ್ಟ ಮಾಸ್ತರರಿಂದಲೂ ತೊಡಗುತ್ತದೆ. ನ್ಯಾಯಾಲಯಕ್ಕೆ ಬೇಕಾದದ್ದು ಒಂದು ಸಾವಿನ ವಿವರ. ಜಮೀನ್ದಾರನ ಎದುರು ತಲೆಬಾಗಿದ್ದ ಹಳ್ಳಿಯೊಂದು ಮಾತನಾಡಲು ಕಲಿತದ್ದು ಹೇಗೆ ಎಂಬುದು ಕಾದಂಬರಿಕಾರನ ಪ್ರಶ್ನೆ. 1837ರ ರೈತ ಬಂಡಾಯವನ್ನು ಕುರಿತ 'ಕಲ್ಯಾಣಸ್ವಾಮಿ'ಯಲ್ಲಿಯೂ ಇದೇ ಕುತೂಹಲವಿದೆ.

1971ರಲ್ಲಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದರು. ಊರೂರು ಅಲೆದು ಜನಜೀವನವನ್ನು ಅರಿತಿದ್ದ ಲೇಖಕನಿಗೆ ಚಲನೆಯೇ ಕುಂಠಿತವಾಯಿತು. ಇಂತಹ ಸನ್ನಿವೇಶದಲ್ಲಿ ಬರಹಗಾರರು ಆತ್ಮಕಥನದತ್ತ ಹೊರಳುವುದು ಸಹಜ. ನಿರಂಜನರು ಹೊರಳಿದ್ದು ಸಾವಿರಾರು ವರ್ಷಗಳ ಹಿಂದಿನ ಈಜಿಪ್ಟಿನತ್ತ. 1976ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ಹೊರಬಂದ 'ಮೃತ್ಯುಂಜಯ' ಅಲ್ಲಿನ ಸಾಮಾನ್ಯ ಜನರ ಬಂಡಾಯದ ಕಥೆ. ಪಿರಮಿಡ್ಡುಗಳನ್ನು ಕಟ್ಟಿಸಿದ ದೊರೆಗಳ ಹೆಸರುಗಳನ್ನು ಇತಿಹಾಸ ಬಲ್ಲದು. ಅವರಿಗಾಗಿ ದುಡಿದವರ ಹೆಸರುಗಳು ಬಹುಮಟ್ಟಿಗೆ ಅಳಿದಿವೆ. ಕಯ್ಯೂರಿನ ಹೊಳೆಯ ದಡದಲ್ಲಿ ದೊರೆತ ಪ್ರಶ್ನೆಯನ್ನೇ ಅವರು ನೈಲ್ ನದಿಯ ದಡದಲ್ಲಿ ಮತ್ತೆ ಕೇಳಿದರು. ದೇಶಕಾಲಗಳು ಬದಲಾದರೂ ಪ್ರೇರಣೆ ಬದಲಾಗಲಿಲ್ಲ.

ಇದೇ ಅನಾರೋಗ್ಯದ ಅವಧಿಯಲ್ಲಿ ಅವರ ಸಂಪಾದಕತ್ವದಲ್ಲಿ 25 ಸಂಪುಟಗಳ 'ವಿಶ್ವಕಥಾಕೋಶ' ರೂಪುಗೊಂಡಿತು. ಹಲವು ದೇಶಗಳ ಕಥೆಗಳನ್ನು ಹಲವು ಅನುವಾದಕರ ಮೂಲಕ ಕನ್ನಡಕ್ಕೆ ತಂದ ಈ ಯೋಜನೆಯನ್ನು ಅವರ ಕಾದಂಬರಿಗಳಿಂದ ಬೇರ್ಪಡಿಸಿ ನೋಡಲಾಗದು. ಒಬ್ಬ ಮಾಸ್ತರ, ಇಬ್ಬರು ಹುಡುಗರು, ಒಂದು ಹಳ್ಳಿ ಎಂಬ 'ಚಿರಸ್ಮರಣೆ'ಯ ಕ್ರಮವೇ ಇಲ್ಲಿ ಕಾರ್ಯರೂಪಕ್ಕೆ ಬಂದಿದೆ. ತನ್ನ ಶಕ್ತಿ ಕುಗ್ಗಿದಾಗ ಲೇಖಕ ಅನೇಕರ ಶಕ್ತಿಯನ್ನು ಒಂದೆಡೆ ಕೂಡಿಸಿದ.

ಕಷ್ಟಕಾಲವು ತಾನಾಗಿಯೇ ಕಲೆಯನ್ನು ಸೃಷ್ಟಿಸುವುದಿಲ್ಲ. ಅದು ಎಷ್ಟೋ ಪ್ರತಿಭೆಗಳನ್ನು ನುಂಗಿದೆ. ನಿರಂಜನರನ್ನು ಕಾಪಾಡಿದ್ದು ನೋವಿನ ವೈಭವೀಕರಣವಲ್ಲ, ತಮ್ಮ ನೋವಿಗಿಂತ ಹಿರಿದಾದ ಒಂದು ಪ್ರಶ್ನೆ. ಆ ಪ್ರಶ್ನೆಯ ಜಾಡಿನಲ್ಲಿ ಅವರ ಕೃತಿಗಳನ್ನು ಒಟ್ಟಾಗಿ ಓದುವ ಕೆಲಸ ಇನ್ನಷ್ಟು ನಡೆಯಬೇಕಾಗಿದೆ.