ಶಕುನಿಯ ದಾಳ, ಅಜ್ಜಿಯ ಚೌಕಾಬಾರ

ದೀಪಾವಳಿ ಹೊತ್ತಲ್ಲಿ ಬ್ಯಾಡಗಿಯ ನಮ್ಮ ಮನೇಲಿ ಕರೆಂಟ್ ಹೋದರೆ, ಅಜ್ಜಿ ಚಿಮಣಿ ಬೆಳಕಲ್ಲಿ ಪಡಸಾಲೆ ಮೇಲೆ ಐದೈದು ಮನೆಯ ಚೌಕಾಬಾರ ಬರೀತಿದ್ರು. ನಾಲ್ಕು ಕವಡೆ ಕೈಗೆ ಕೊಡೋ ಮುಂಚೆ ಒಂದು ಕಥೆ: ಸೆರೆಮನೆಯಲ್ಲಿ ಹಸಿದು ಸತ್ತ ಅಪ್ಪನ ಎಲುಬಿನಿಂದ ಶಕುನಿ ದಾಳ ಮಾಡಿದನಂತೆ, ಅವನು ಕೇಳಿದ ಗರವೇ ಬೀಳ್ತಿತ್ತಂತೆ. ಮೈ ಜುಂ ಅಂತಿತ್ತು. ಆದ್ರೂ ಅಜ್ಜಿಗೆ ಅಂಟಿಕೊಂಡೇ ಆಡ್ತಿದ್ವಿ.

ಎಲುಬಿನ ಕಥೆ ವ್ಯಾಸರ ಭಾರತದಲ್ಲಿಲ್ಲ, ಜನರ ಬಾಯಲ್ಲಿ ಬೆಳೆದದ್ದು. ಜೂಜಿನ ಪ್ರಸಂಗವನ್ನಂತೂ ಪಂಪ ಸುಮಾರು 941ರಲ್ಲೇ ಕನ್ನಡಕ್ಕೆ ತಂದ, ಆಮೇಲೆ ಕುಮಾರವ್ಯಾಸನೂ ಹಾಡಿದ. ದಾಳ ಹಾಕ್ತಾ ಕಥೆ ಕಟ್ಟೋ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಮೆರಿಕದಲ್ಲಿ ಬಂದಿದ್ದು 1974ರಲ್ಲಿ. ರಾಣೆಬೆನ್ನೂರಿನ ಗೆಳೆಯರ ಜೊತೆ ನಾನೀಗ ಅಂಥದ್ದೇ ದೆವ್ವದ ಆಟ ಆಡ್ತೀನಿ.

ಅಜ್ಜಿ ಪ್ರತಿಸಲ ಆ ಕಥೆ ಯಾಕೆ ಹೇಳ್ತಿದ್ರು ಅಂತ ಗೊತ್ತಾಗಿದ್ದು ನಾನು ಹಾವೇರಿಗೆ ಬಿಕಾಂ ಓದೋಕೆ ಹೋದಮೇಲೆ. ನಮ್ಮ ಕಾಕಾ ಒಬ್ಬರು ದೀಪಾವಳಿ ಇಸ್ಪೀಟಲ್ಲಿ, ಮೆಣಸಿನಕಾಯಿ ಮಾರಿದ ರೊಕ್ಕ ಪೂರ್ತಿ ಕಳ್ಕೊಂಡಿದ್ರಂತೆ. ಆದ್ರೂ ಅಜ್ಜಿ ನಮ್ಮ ಆಟ ನಿಲ್ಲಿಸಲಿಲ್ಲ. "ಆಡ್ರಿ, ರೊಕ್ಕ ಮಾತ್ರ ಹಚ್ಚಬ್ಯಾಡ್ರಿ" ಅಂತಿದ್ರು.

ಈ ದೀಪಾವಳಿಗೆ ನಿಮ್ಮ ಅಜ್ಜಿ ಹತ್ರಾನೂ ಕೇಳಿ, ಕವಡೆ ಎಲ್ಲಿಟ್ಟಿದ್ದಾರೆ ಅಂತ.