ದಮುನ್, ದಮುತ್, ಮನುವಂ: ಆಕ್ಸಿರಿಂಕಸ್ ಪಪೈರಸ್ಸಿನ ‘ಮಧು’ವಿನ ಮೇಲೊಂದು ತಕರಾರು

ಈಜಿಪ್ಟಿನಲ್ಲಿ ಸಿಕ್ಕ ಆಕ್ಸಿರಿಂಕಸ್ ಪಪೈರಸ್ 413ರಲ್ಲಿ ಕನ್ನಡವಿದೆ ಎಂಬುದು ನಮ್ಮಲ್ಲಿ ಈಗ ವಾದವಾಗಿ ಉಳಿದಿಲ್ಲ, ವಾಡಿಕೆಯಾಗಿದೆ. ರಾಜ್ಯೋತ್ಸವ ಬಂತೆಂದರೆ ಬೇರೆ, ಕೊಂಚ, ಮಧು, ಪಾತ್ರಕ್ಕೆ, ಹಾಕಿ ಎಂಬ ಐದು ಪದಗಳು ವಿಶೇಷಾಂಕಗಳಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಎರಡನೇ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ ಎಂಬ ತಲೆಬರಹ ಮೇಲೆ ಕೂರುತ್ತದೆ. ಆ ಐದು ಪದಗಳು ಪಪೈರಸ್ಸಿನಲ್ಲಿಲ್ಲ. ಅಲ್ಲಿರುವುದು ಬೆರೆ, ಕೊಂಜೆಯ್, ದಮುನ್, ಪೆತ್ರೆಕಿಯೊ, ಪಕ್ತೆಯ್. ಮೊದಲಿನವು 1904ರಲ್ಲಿ ಹುಲ್ಟ್ಜ್ ಮಾಡಿದ ಓದು. ಎರಡನೆಯವು ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಅಚ್ಚು ಹಾಕಿಸಿದ ಅಕ್ಷರಗಳು. ಇವೆರಡರ ನಡುವೆ ಎಷ್ಟು ದೂರವಿದೆ ಎಂದು ಅಳೆಯುವ ಗೋಜಿಗೆ ನಮ್ಮ ಲೇಖಕರಲ್ಲಿ ಹೆಚ್ಚಿನವರು ಹೋಗಲಿಲ್ಲ. ಕಥೆ ಎಲ್ಲರಿಗೂ ಗೊತ್ತು: ಸೆರೆಸಿಕ್ಕ ಖಾರಿಶನ್, ಅವಳನ್ನು ಬಿಡಿಸಲು ಹಡಗಿನಲ್ಲಿ ಬಂದ ಅಣ್ಣ, ಹೂಸನ್ನೇ ಆಯುಧ ಮಾಡಿಕೊಂಡ ವಿದೂಷಕ, ನೀರು ಬೆರೆಸದ ವೈನ್ ಕುಡಿದು ಮಗುಚಿ ಬೀಳುವ ‘ಭಾರತದ’ ರಾಜ. ಅದನ್ನು ಬಿಟ್ಟು ನೇರ ಮಧುವಿಗೇ ಬರುತ್ತೇನೆ.

ಹುಲ್ಟ್ಜ್ ಅವರನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಮದರಾಸು ಸರ್ಕಾರದ ಶಾಸನತಜ್ಞರಾಗಿ ಅವರು ಮಾಡಿದ ಕೆಲಸದ ಮೇಲೆಯೇ ದಕ್ಷಿಣದ ಶಾಸನಶಾಸ್ತ್ರ ನಿಂತಿದೆ. (ಅವರ ಹೆಸರನ್ನು ಕೊಡೆಯಾಗಿ ಹಿಡಿದವರಲ್ಲಿ ಎಷ್ಟು ಜನ ಅವರ ಶಾಸನ ಸಂಪುಟಗಳನ್ನು ತೆರೆದಿದ್ದಾರೋ!) ಕಲ್ಲಿನ ಮೇಲೆ ಒಂದು ಅಕ್ಷರ ಅಳಿದಿದ್ದರೆ ಅದನ್ನು ಅಳಿದದ್ದೆಂದೇ ಬರೆಯುವ ಶಿಸ್ತು ಅವರದು. ಆ ಶಿಸ್ತು ಪಪೈರಸ್ಸಿನ ಮುಂದೆ ಸಡಿಲಿತು. ದಮುನ್ ಎಂಬ ಪದದಿಂದ ಮಧು ಬರಬೇಕಾದರೆ ದಕಾರ ಮಕಾರಗಳು ಸ್ಥಾನ ಬದಲಿಸಬೇಕು, ಕೊನೆಯ ನಕಾರ ಬಿದ್ದುಹೋಗಬೇಕು. ಲಿಪಿಕಾರನ ಕೈ ತಪ್ಪಿತು ಎನ್ನಬಹುದು. ತನಗೆ ಗೊತ್ತಿಲ್ಲದ ಭಾಷೆಯನ್ನು ನಕಲು ಮಾಡುವವನು ತಪ್ಪದೆ ಇರುತ್ತಾನೆಯೇ? ಆದರೆ ಇದೇ ಪದ ಅದೇ ಮಾತಿನಲ್ಲಿ ಸ್ವಲ್ಪ ಮುಂದೆ ಮತ್ತೆ ಬರುತ್ತದೆ, ಈ ಸಲ ದಮುತ್ ಎಂದು. ಕೊನೆಯ ಅಕ್ಷರ ಬದಲಾಗಿದೆ. ದ-ಮ ಕ್ರಮ ಹಾಗೇ ಇದೆ. ಒಂದು ಸಲ ಆದದ್ದು ಕೈತಪ್ಪು. ಎರಡು ಸಲವೂ ಒಂದೇ ರೀತಿ ಆದರೆ ಅದೇ ಪಾಠ. ಅದನ್ನು ತಿದ್ದುವ ಹಕ್ಕು ಸಂಪಾದಕನಿಗಿಲ್ಲ.

ಇಷ್ಟೇ ಆಗಿದ್ದರೆ, ಬರೆದವನು ಮಧುವನ್ನು ದಮು ಎಂದೇ ಕೇಳಿಸಿಕೊಂಡಿದ್ದ ಎಂದು ಒಪ್ಪಬಹುದಿತ್ತು. ಮುಂದೆ ಪದಗಳ ನಡುವೆ ತೆರವಿಲ್ಲದೆ ಬರುವ ಉದ್ದನೆಯ ಸರಣಿಯೊಂದಿದೆ. ಅದನ್ನು ಪಾನಂ ಬೇರೆತ್ತಿ, ಕಟ್ಟಿ, ಮಧುವಂ ಬೇರೆತ್ತುವೆನು ಎಂಬ ಅರ್ಥ ಬರುವಂತೆ ಬಿಡಿಸಿದ್ದಾರೆ. ಮಧುವಂ ಎಂದು ಓದಿದ ಕಡೆ ಪಪೈರಸ್ಸಿನಲ್ಲಿರುವುದು ಮನುವಂ. ಇಲ್ಲಿ ಮಕಾರ ತನ್ನ ಜಾಗದಲ್ಲೇ ಇದೆ, ದಕಾರವೇ ಮಾಯ. ಅಂದರೆ ಒಬ್ಬನೇ ರಾಜ, ಒಂದೇ ನಾಟಕ, ಒಂದೇ ಮಧು; ಬರಹ ಮಾತ್ರ ಮೂರು ಬಗೆ, ತಿದ್ದುಪಡಿ ಎರಡು ಬಗೆ. ಬೇಕಾದಾಗ ಅಕ್ಷರ ತಿರುಗಿಸುವುದು, ಬೇಡವಾದಾಗ ಬದಲಿಸುವುದು ಎಂದಾದರೆ ಯಾವ ಸಾಲಿನಿಂದ ಯಾವ ಭಾಷೆ ಹೊರಡುವುದಿಲ್ಲ? 1980ರ ದಶಕದಲ್ಲಿ ಇದೇ ಅಕ್ಷರಗಳಿಂದ ತುಳು ಹೊರಟಿತು. ಕನ್ನಡದವರು ಅದನ್ನು ಕಂಡು ನಕ್ಕರು. ನಗುವ ಮೊದಲು ತಮ್ಮ ಓದಿನ ಕಡೆ ಒಮ್ಮೆ ನೋಡಬೇಕಿತ್ತು.

ಹಾಳಾದ ಕಾಗದದಲ್ಲಿ ಅಕ್ಷರ ತಿರುಗಿಸಿ ಓದುವುದೇ ತಪ್ಪು ಎನ್ನುತ್ತಿಲ್ಲ. 1859ರಲ್ಲಿ ಮ್ಯಾಕ್ಲಿಂಟಾಕ್ ಆರ್ಕ್ಟಿಕ್‌ನ ಕಿಂಗ್ ವಿಲಿಯಂ ದ್ವೀಪದಲ್ಲಿ, ನಾಪತ್ತೆಯಾದ ಫ್ರಾಂಕ್ಲಿನ್ ತಂಡದ ನಾವಿಕನೊಬ್ಬನ ಅಸ್ಥಿಪಂಜರದ ಬಳಿ ಒಂದು ಕೈಚೀಲದ ಕಾಗದಗಳನ್ನು ಕಂಡರು. ಟೆರರ್ ಹಡಗಿನ ಹ್ಯಾರಿ ಪೆಗ್ಲರ್‌ನ ನಾವಿಕ ಪ್ರಮಾಣಪತ್ರವೂ ಅದರೊಳಗಿತ್ತು. ಆ ಬರಹದಲ್ಲಿ ಬಹುಪಾಲು ಪದಗಳು ಹಿಂದುಮುಂದಾಗಿವೆ, ದೊಡ್ಡಕ್ಷರ ಪದದ ಕೊನೆಗೆ ಬಂದು ಕೂತಿದೆ. ಅಲ್ಲಿ ತಿರುಗಿಸಿ ಓದುವುದನ್ನು ಎಲ್ಲರೂ ಒಪ್ಪುತ್ತಾರೆ, ಯಾಕೆಂದರೆ ಆ ಸೂತ್ರ ಪದದಿಂದ ಪದಕ್ಕೆ ನಡೆಯುತ್ತದೆ ಮತ್ತು ಆ ದೊಡ್ಡಕ್ಷರವೇ ಅದಕ್ಕೆ ಸಾಕ್ಷಿ. ಹುಲ್ಟ್ಜ್ ಸೂತ್ರ ದಮುನ್‌ಗೆ ಮಾತ್ರ. ಪಕ್ಕದ ಪೆತ್ರೆಕಿಯೊವನ್ನು ತಿರುಗಿಸಿದರೆ ಪಾತ್ರಕ್ಕೆ ಕೈಬಿಡುತ್ತದೆ.

ಗ್ರೀಕರ ಕಿವಿಗೆ ಮ-ದ ಕ್ರಮ ಕಷ್ಟವಾಗಿತ್ತು ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಇದಕ್ಕೆ ಉತ್ತರ ಹತ್ತಿರದಲ್ಲೇ ಇದೆ, ಯಾರೂ ಬಳಸಿಕೊಂಡಂತಿಲ್ಲ. ಪಪೈರಸ್ಸಿನದೇ ಶತಮಾನದ ಅಲೆಕ್ಸಾಂಡ್ರಿಯದ ಭೂಗೋಳಜ್ಞ ಟಾಲೆಮಿ ಪಾಂಡ್ಯರ ರಾಜಧಾನಿ ಮದುರೈಯನ್ನು ಮೊದೂರ ಎಂದು ಬರೆದ. ಅವನಿಗಿಂತ ಮೊದಲೇ ಪ್ಲಿನಿ ಮೊದುರ ಎಂದ. ಸ್ವರ ಕದಲಿದೆ, ಮ, ದ, ರ ಮೂರೂ ತಮ್ಮ ಜಾಗದಲ್ಲಿವೆ. ಮದುರೈಯ ಹೆಸರು ಅಲೆಕ್ಸಾಂಡ್ರಿಯಕ್ಕೆ ತಲುಪಿದ್ದು ಪಂಡಿತರ ಬಾಯಿಂದಲ್ಲ, ಮೆಣಸಿನ ವ್ಯಾಪಾರಿಗಳ ಬಾಯಿಂದ. ಪಶ್ಚಿಮ ಕರಾವಳಿಯಿಂದ ಮದುರೈಗೆ ಇಳಿಯುವ ದಾರಿಗಳಲ್ಲಿ ಕುಮಿಳಿ ಘಟ್ಟ ದಾಟಿ ಕಂಬಂ ಕಣಿವೆಯಲ್ಲಿ ತೇನಿಯ ಕಡೆ ಸಾಗುವುದೂ ಒಂದು. ದಿಂಡಿಗಲ್ ಸೀಮೆಯಲ್ಲಿ ಪಳನಿಯ ಹತ್ತಿರದ ಕಲಿಯಂಪುತ್ತೂರಿನಲ್ಲಿ 1856ರಲ್ಲಿ ರೋಮನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ಇಂಥ ನಾಡಿನ ಊರ ಹೆಸರು ಅಕ್ಷರ ಕೆಡದೆ ಹಡಗು ಹತ್ತಿ ಈಜಿಪ್ಟಿಗೆ ಹೋಗಿರುವಾಗ, ಕುಡುಕ ರಾಜನ ಬಾಯಲ್ಲಿ ಮಾತ್ರ ‘ಮದು’ ತಲೆಕೆಳಗಾಗಲು ಕಾರಣ ಬೇಕಲ್ಲ?

ಇದೇ ಸೀಮೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈಯಲ್ಲಿ 2006ರಲ್ಲಿ ಸಿಕ್ಕ ವೀರಗಲ್ಲುಗಳು ತಮಿಳು-ಬ್ರಾಹ್ಮಿಯವು, ಕ್ರಿಸ್ತಪೂರ್ವದವು. ಈಜಿಪ್ಟಿನ ಕುಸೈರ್ ಅಲ್-ಖದೀಮ್ ಬಂದರಿನ ಮಡಕೆ ಚೂರುಗಳಲ್ಲಿ ಕಣನ್, ಚಾತನ್ ಎಂಬ ಹೆಸರುಗಳು ಅದೇ ಲಿಪಿಯಲ್ಲಿವೆ. ಎಂದರೆ ಪಪೈರಸ್ಸಿನಲ್ಲಿ ತಮಿಳಿದೆ ಎಂದು ಯಾರಾದರೂ ಹೊರಟರೆ, ಒರೆಗೆ ಹಚ್ಚಲು ಆ ಕಾಲದ ತಮಿಳು ಕೈಯಲ್ಲಿದೆ. ಕನ್ನಡಕ್ಕೆ ಹಲ್ಮಿಡಿ ಶಾಸನವೇ ಸುಮಾರು ಕ್ರಿ.ಶ. 450. ನಡುವೆ ಸುಮಾರು ಮುನ್ನೂರು ವರ್ಷವಿದೆ, ಪಪೈರಸ್ಸಿನ ಕಾಲದ ಕನ್ನಡ ವಾಕ್ಯ ಒಂದೂ ಕೈಯಲ್ಲಿಲ್ಲ. ಕಂಬಂ ಕಣಿವೆಯ ಕಪ್ಪಿಲಿಯರು, ಅನುಪ್ಪರು ಇಂದಿಗೂ ಮನೆಯೊಳಗೆ ಕನ್ನಡ ಆಡುತ್ತಾರೆಂದು ಈ ವಾದಕ್ಕೆ ಎಳೆಯುವುದೂ ಸಲ್ಲದು. ಅವರದು ವಿಜಯನಗರ, ನಾಯಕರ ಕಾಲದ ವಲಸೆ ಎಂಬುದೇ ಸಾಮಾನ್ಯ ಅಭಿಪ್ರಾಯ. ಪಪೈರಸ್ಸಿಗೂ ಅದಕ್ಕೂ ಸಾವಿರ ವರ್ಷಕ್ಕೂ ಮಿಕ್ಕ ಅಂತರ.

ಹಾಗೆಂದು 1926ರಲ್ಲಿ ಹುಲ್ಟ್ಜ್ ಓದನ್ನು ತಳ್ಳಿಹಾಕಿದ ಬಾರ್ನೆಟ್ ಪಕ್ಷಕ್ಕೆ ನಾನು ಪೂರ್ತಿ ಸೇರಿದವನಲ್ಲ. ಹಾಕಿ ಎಂಬುದು ಹೊಸಗನ್ನಡದ ರೂಪ, ಎರಡನೇ ಶತಮಾನಕ್ಕೆ ಸಲ್ಲದು ಎಂಬ ಆಕ್ಷೇಪವನ್ನು ಬಾರ್ನೆಟ್ ಪಕ್ಷದವರು ಈಗಲೂ ಎತ್ತುತ್ತಾರೆ. ಅದು ಓದಿಗೆ ತಾಗುತ್ತದೆಯೇ ಹೊರತು ಪಪೈರಸ್ಸಿಗಲ್ಲ. ಅಲ್ಲಿರುವುದು ಪಕ್ತೆಯ್, ಪಕಾರದಿಂದಲೇ ಶುರು. ಪಕಾರ ಹಕಾರವಾದದ್ದು ಎಷ್ಟೋ ಶತಮಾನದ ಮೇಲೆ. ಹುಲ್ಟ್ಜ್ ಪರವಾಗಿ ಹೇಳಬಹುದಾದ ಬಲವಾದ ಮಾತು ಬೇರೆಯೇ ಇದೆ, ಅವರ ಅಭಿಮಾನಿಗಳು ಅದನ್ನು ಹೇಳುವುದು ಅಪರೂಪ. ಮೊದಲ ಸಲ ಕೊಂಜೆಯ್, ದಮುನ್, ಪೆತ್ರೆಕಿಯೊ ಎಂಬ ಕ್ರಮ. ಎರಡನೇ ಸಲ ಪೆತ್ರೆಕಿಯೊ, ದಮುತ್, ಕಿಂಜೆ. ಮೂರು ಪದಗಳ ಕ್ರಮ ತಿರುಗಿದರೂ ಕೊನೆಯಲ್ಲಿ ಪಕ್ತೆಯ್ ಅಥವಾ ಪಕ್ಸೆಯ್ ಅಲುಗದೆ ನಿಂತಿದೆ. ದ್ರಾವಿಡ ವಾಕ್ಯದಲ್ಲಿ ಕ್ರಿಯಾಪದ ನಿಲ್ಲುವುದೇ ಹಾಗೆ. ಪ್ರಾಸಕ್ಕಾಗಿ ಹೆಣೆದ ಅಸಂಬದ್ಧ ಮಾತೂ ಹೀಗೆ ನಿಲ್ಲಬಹುದು ಎಂಬುದನ್ನು ಮರೆಯದೆ, ಇದನ್ನು ಒಂದು ಸಾಧ್ಯತೆಯಾಗಿ ಒಪ್ಪುತ್ತೇನೆ. ಭಾಷೆ ಇರಬಹುದು, ಪದಕೋಶ ಸಿಕ್ಕಿಲ್ಲ.

ಪದಕೋಶ ಬೇಕಾದವರು ಎಲ್ಲಿಂದ ಹೊರಡಬೇಕು ಎಂಬುದನ್ನು ನಾಟಕವೇ ತೋರಿಸಿಕೊಟ್ಟಿದೆ. ರಾಜ ಬ್ರಾಥಿಸ್ ಎನ್ನುತ್ತಾನೆ. ಏನನ್ನುತ್ತಿದ್ದಾರೆ ಎಂದು ವಿದೂಷಕ ಕೇಳುತ್ತಾನೆ. ಪಾಲಿಗೆ ಚೀಟಿ ಎತ್ತೋಣ ಎನ್ನುತ್ತಿದ್ದಾನೆ ಎಂದು ಖಾರಿಶನ್‌ಳ ಅಣ್ಣ ಗ್ರೀಕಿನಲ್ಲಿ ಬಿಡಿಸಿ ಹೇಳುತ್ತಾನೆ. ಮುಂದೆ ಜೊಪಿತ್ ಎಂಬ ಮಾತಿಗೆ ಬೇಗ ಕುಡಿಯಲು ಕೊಡು ಎಂದು ಅರ್ಥ ಕೊಡುತ್ತಾನೆ. ಪಪೈರಸ್ಸಿನ ಮೊದಲ ಕಾಲಮು ಹರಿದು ಹಾಳಾಗಿದೆ, ಹಿಂಬದಿಯಲ್ಲಿ ಇದೇ ಪ್ರಹಸನದ ಕೆಲವು ಸಾಲುಗಳನ್ನು ಮತ್ತೆ ಬೇರೆಯಾಗಿ ಬರೆದಿದ್ದಾರೆ. ಇಷ್ಟು ಗೊಂದಲದ ನಡುವೆ ಅರ್ಥ ಸಮೇತ ಉಳಿದ ಪರದೇಶಿ ಮಾತುಗಳು ಇವು. ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಹುಲ್ಟ್ಜ್ ದಾರಿಯಲ್ಲೇ ಕನ್ನಡದ ಪರ ನಿಂತರು. ಸಾಲೆತೊರೆಯವರು 1936ರ ತುಳುನಾಡಿನ ಇತಿಹಾಸದಲ್ಲಿ ಪ್ರಹಸನವನ್ನು ನಮ್ಮ ಕರಾವಳಿಗೆ ಕಟ್ಟಿದರು. (ಗೋವಿಂದ ಪೈಗಳ ವಿದ್ವತ್ತಿಗೆ ತಲೆಬಾಗುವವನು ನಾನು, ಅವರ ತೀರ್ಮಾನವನ್ನು ಮಾತ್ರ ಉರು ಹೊಡೆದು ಶ್ರಮವನ್ನು ಬಿಟ್ಟವರ ಮೇಲೆ ನನಗೆ ಸಿಟ್ಟು.) ಇವರೆಲ್ಲರ ನಂತರವೂ ಜೊಪಿತ್‌ಗಾಗಲಿ ಬ್ರಾಥಿಸ್‌ಗಾಗಲಿ, ಅಕ್ಷರ ತಿದ್ದದೆ, ಅಣ್ಣ ಕೊಟ್ಟ ಅರ್ಥಕ್ಕೆ ಹೊಂದುವ ಕನ್ನಡ ಪದ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಸಿಗುವವರೆಗೆ ಆ ಐದು ಪದಗಳನ್ನು ಅಚ್ಚು ಹಾಕುವವರು ಪಕ್ಕದಲ್ಲಿ ಪಪೈರಸ್ಸಿನ ಅಕ್ಷರಗಳನ್ನೂ ಕೊಟ್ಟು, ಕೆಳಗೆ ‘ಹುಲ್ಟ್ಜ್ ಅವರ ಊಹೆ, 1904’ ಎಂದು ಸೇರಿಸಲಿ.