ಯೋಗ್ಯಾವಿಧಿಯೂ ವೃದ್ಧರ ದಂತಶುದ್ಧಿಯೂ

ಚಿಕಿತ್ಸೆಯನ್ನು ಕಲಿಯುವವನು ರೋಗಿಯ ಮೈಮೇಲೆ ಕೈಯಿಡುವುದಕ್ಕೆ ಮುಂಚೆ ನಿರ್ಜೀವವಸ್ತುಗಳ ಮೇಲೆ ಅಭ್ಯಾಸಮಾಡಬೇಕೆಂಬ ವಿಧಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 9ನೆಯ ಅಧ್ಯಾಯವು ಇದಕ್ಕಾಗಿಯೇ ಮೀಸಲಾಗಿದೆ. ಇಂತಹ ಅಭ್ಯಾಸಕ್ಕೆ ಅಲ್ಲಿ ‘ಯೋಗ್ಯಾ’ ಎಂದು ಹೆಸರು. ಕೊಯ್ಯುವುದಕ್ಕೆ ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆ. ಸಿರಾವೇಧಕ್ಕೆ ಸತ್ತ ಪಶುವಿನ ರಕ್ತನಾಳ, ನೈದಿಲೆಯ ದಂಟು. ಪಟ್ಟಿ ಕಟ್ಟುವುದಕ್ಕೆ ಮನುಷ್ಯಾಕಾರದ ಬೊಂಬೆ. ಕೀಳುವ ಕ್ರಿಯೆಗೆ ಹಲಸು, ತೊಂಡೆ, ಬಿಲ್ವಗಳ ತಿರುಳಿನೊಡನೆ ಸತ್ತ ಪಶುವಿನ ಹಲ್ಲನ್ನೂ ಹೇಳಿದೆ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ್ದರೂ ಯೋಗ್ಯೆಯನ್ನು ಮಾಡದವನು ಕರ್ಮಕ್ಕೆ ಅನರ್ಹನೆಂಬುದು ಆಚಾರ್ಯನ ಮತ.

ಪಾಶ್ಚಾತ್ಯ ದಂತವೈದ್ಯರಲ್ಲಿ ಇದೇ ಮಾರ್ಗವು ಬೇರೊಂದು ರೂಪದಿಂದ ಕಾಣಿಸಿಕೊಂಡಿತು. 1894ರಲ್ಲಿ ಗ್ಲಾಸ್ಗೋ ನಗರದ ಆಸ್ವಾಲ್ಡ್ ಫರ್ಗಸ್ ಎಂಬವನು ದವಡೆ ಹಲ್ಲುಗಳನ್ನು ಜೋಡಿಸಿದ ಕೃತಕಶಿರಸ್ಸೊಂದನ್ನು ಪ್ರದರ್ಶಿಸಿದನು. ಅಂದಿನಿಂದ ‘ಫ್ಯಾಂಟಮ್ ತಲೆ’ಯಿಲ್ಲದ ದಂತವಿದ್ಯಾಲಯವು ವಿರಳ. 1960ರಲ್ಲಿ ನಾರ್ವೆಯ ಆಟಿಕೆಯ ತಯಾರಕನಾದ ಆಸ್ಮಂಡ್ ಲಾರ್ಡಾಲನು ಬಾಯಿಗೆ ಬಾಯಿಟ್ಟು ಉಸಿರೂದುವುದನ್ನು ಕಲಿಸುವ ಬೊಂಬೆಯನ್ನು ಮಾಡಿದನು. ಅದರ ಮುಖಕ್ಕೆ ಆದರ್ಶವಾದುದು ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತಳೆಂದು ಪ್ರತೀತಿಯಿರುವ ಅನಾಮಿಕ ತರುಣಿಯೊಬ್ಬಳ ಮುಖದ ಅಚ್ಚು. ಸುಶ್ರುತನ ಬೊಂಬೆಗೆ ಇಂತಹ ಕಥೆಯೊಂದಿದ್ದಿತೋ ಏನೋ, ಗ್ರಂಥವು ಹೇಳುವುದಿಲ್ಲ.

ಈ ಯಾವ ಏರ್ಪಾಡಿನಲ್ಲಿಯೂ ವೃದ್ಧರ ಬಾಯನ್ನು ದಿನದಿನವೂ ಶುದ್ಧಮಾಡುವವರ ಶಿಕ್ಷಣಕ್ಕೆ ಎಡೆಯಿರಲಿಲ್ಲ. ಅದು ವಿದ್ಯೆಯೆಂದೇ ಎಣಿಸಲ್ಪಡಲಿಲ್ಲ. ಮಗಳೋ ಸೊಸೆಯೋ ದಾದಿಯೋ ಹೇಗೋ ಮಾಡಿ ಮುಗಿಸುವ ಕೆಲಸವಾಗಿತ್ತು. ಅದರ ಬೆಲೆಯನ್ನು ಲೆಕ್ಕಹಾಕಿ ತೋರಿಸಿದವರಲ್ಲಿ ಜಪಾನಿನ ಯೊನೆಯಾಮಾ ಮತ್ತು ಅವರ ಸಹೋದ್ಯೋಗಿಗಳು ಮುಖ್ಯರು. 11 ವೃದ್ಧಾಶ್ರಮಗಳಲ್ಲಿ 2 ವರ್ಷಗಳ ಕಾಲ ಅವರು ಪರೀಕ್ಷೆ ನಡೆಸಿದರು. ಒಂದು ಪಂಗಡದವರಿಗೆ ಊಟವಾದ ಮೇಲೆಲ್ಲ ದಾದಿಯರು ಬಾಯಿ ಶುದ್ಧಿಮಾಡುತ್ತಿದ್ದರು. ಇನ್ನೊಂದರಲ್ಲಿ ಈ ವಿಶೇಷವ್ಯವಸ್ಥೆಯಿಲ್ಲ. ಮೊದಲನೆಯ ಪಂಗಡದ 184 ಜನರಲ್ಲಿ 21 ಮಂದಿಗೆ ನ್ಯುಮೋನಿಯಾ ತಗುಲಿದರೆ, ಎರಡನೆಯದರ 182 ಜನರಲ್ಲಿ 34 ಮಂದಿಗೆ ತಗುಲಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸಂಕ್ಷೇಪವಾಗಿ, 2002ರಲ್ಲಿ ಸವಿಸ್ತಾರವಾಗಿ ಇದು ಪ್ರಕಟವಾಯಿತು. ನುಂಗುವ ಶಕ್ತಿ ಕುಂದಿದವರಲ್ಲಿ ಉಗುಳು ತಪ್ಪುದಾರಿ ಹಿಡಿದು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಾಯಿಯ ಕೊಳೆಯ ರೋಗಾಣುಗಳೂ ಅದರೊಡನೆ ಇಳಿಯುತ್ತವೆ. ಒಂದೂ ಹಲ್ಲಿಲ್ಲದವರಿಗೂ ಶುದ್ಧಿಯಿಂದ ಪ್ರಯೋಜನವಾಯಿತೆಂಬುದನ್ನು ಮರೆಯಲಾಗದು. ಹಲ್ಲೇ ಇಲ್ಲದ ಮೇಲೆ ಉಜ್ಜುವುದೇನೆಂದು ಕೇಳುವವರು ಎಲ್ಲ ಮನೆಗಳಲ್ಲಿಯೂ ಇರುವರಷ್ಟೆ!

ಅದೇ ದೇಶದಲ್ಲಿ 80ನೆಯ ವಯಸ್ಸಿನಲ್ಲಿಯೂ 20 ಹಲ್ಲುಗಳು ಉಳಿದಿರಬೇಕೆಂಬ ಆಂದೋಲನವು 1989ರಲ್ಲಿ ಆರಂಭವಾಯಿತು. 2016ರ ಸಮೀಕ್ಷೆಯ ವೇಳೆಗೆ ಆ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಗುರಿಯನ್ನು ಮುಟ್ಟಿದ್ದರು. ಸಂತೋಷದ ಸಂಗತಿಯೇ, ಆದರೆ ಹಾಸಿಗೆ ಹಿಡಿದವರ ಬಾಯಲ್ಲಿಯೂ ಇಂದು ಹಿಂದಿಗಿಂತ ಹೆಚ್ಚು ಸ್ವಂತ ಹಲ್ಲುಗಳು ಉಳಿದಿರುತ್ತವೆ. ಸೆಟ್ಟನ್ನು ಕಳಚಿ ತೊಳೆಯಬಹುದು, ಸ್ವಂತ ಹಲ್ಲನ್ನು ಕಳಚಲಾಗದು.

ಪರರ ಹಲ್ಲುಜ್ಜುವುದು ತನ್ನ ಹಲ್ಲುಜ್ಜುವಂತಲ್ಲ. ವೃದ್ಧರನ್ನು ನೆಟ್ಟಗೆ ಕುಳ್ಳಿರಿಸಿ ಗದ್ದವನ್ನು ತುಸು ತಗ್ಗಿಸಬೇಕು. ತಲೆ ಹಿಂದಕ್ಕೆ ವಾಲಿದರೆ ನೀರು ಶ್ವಾಸನಾಳಕ್ಕೆ ಹೋದೀತು. ಮರೆವಿನ ರೋಗವುಳ್ಳವರು ಕುಂಚವನ್ನು ಕಂಡು ಬೆದರಿ ಬಾಯಿ ಬಿಗಿದುಕೊಳ್ಳುವರು. ಇದನ್ನು ಪುಸ್ತಕದಿಂದ ಕಲಿಸುವುದು ಕಷ್ಟ. ನಿಶ್ಶಕ್ತರ ಬಾಯಲ್ಲಿಯೇ ಕೈ ಪಳಗಿಸುವುದು ಅಪಾಯ.

ಇಲ್ಲಿ ಸಹಾಯಕ್ಕೆ ಬಂದ ಯಂತ್ರವು ವೈದ್ಯಲೋಕದಲ್ಲಿ ಹುಟ್ಟಿದುದಲ್ಲ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವನು ನೆಲದ ಮೇಲೆಯೇ ವಿಮಾನಚಾಲನೆಯನ್ನು ಕಲಿಸುವ ಯಂತ್ರವನ್ನು ಸಿದ್ಧಪಡಿಸಿದನು. 1968ರಲ್ಲಿ ಐವನ್ ಸದರ್ಲ್ಯಾಂಡರು ತಲೆಗೆ ಧರಿಸುವ ದೃಶ್ಯಯಂತ್ರವನ್ನು ರಚಿಸಿದರು. ತಲೆ ತಿರುಗಿದಂತೆ ಅದರಲ್ಲಿ ಕಾಣುವ ಚಿತ್ರವೂ ತಿರುಗುತ್ತಿತ್ತು. ಛಾವಣಿಯಿಂದ ಇಳಿಬಿಟ್ಟಿದ್ದ ಆ ಯಂತ್ರದ ಗಾಜು ಪಾರದರ್ಶಕವಾಗಿದ್ದುದರಿಂದ ನಿಜವಾದ ಕೋಣೆಯ ಮೇಲೆಯೇ ಚಿತ್ರ ತೇಲುತ್ತಿತ್ತು. ಪೂರ್ಣವಾಗಿ ಕಲ್ಪಿತಲೋಕವನ್ನು ತೋರಿಸುವ ವರ್ಚುವಲ್ ರಿಯಾಲಿಟಿಗೂ, ಕಣ್ಣೆದುರಿನ ಲೋಕಕ್ಕೆ ಚಿತ್ರವನ್ನು ಸೇರಿಸುವ ಆಗ್ಮೆಂಟೆಡ್ ರಿಯಾಲಿಟಿಗೂ ಅದೇ ಪೂರ್ವಜ. ಅನಂತರ ಆಮ್‌ಸ್ಟರ್‌ಡ್ಯಾಮಿನ ದಂತವಿದ್ಯಾಲಯದ ಸಹಕಾರದಿಂದ ಮೂಗ್ ಸಂಸ್ಥೆಯು ನಿರ್ಮಿಸಿದ ಸಿಮೋಡಾಂಟ್ ಯಂತ್ರದಲ್ಲಿ, ಕಣ್ಣಿಗೆ ಮಾತ್ರ ಕಾಣುವ ಹಲ್ಲು ಕೊರೆಯುವವನ ಕೈಗೂ ಗಟ್ಟಿಯಾಗಿ ತಾಗುವಂತಾಯಿತು.

ದಾದಿಯರ ಶಿಕ್ಷಣಕ್ಕೆ ಇದು ಎರಡು ವಿಧದಿಂದ ಒದಗಬಲ್ಲುದು. ಬೊಂಬೆಯ ದವಡೆಯ ಮೇಲೆ ಕುಂಚ ಮುಟ್ಟದ ಜಾಗವನ್ನು ಬಣ್ಣದಿಂದ ತೋರಿಸುವುದು ಒಂದು. ಎರಡನೆಯದು ಇದಕ್ಕಿಂತ ಬೆಲೆಯುಳ್ಳದ್ದು. ಯಂತ್ರವನ್ನು ಧರಿಸಿದ ಶಿಷ್ಯಳು ತಾನೇ ಹಾಸಿಗೆಯಲ್ಲಿ ಮಲಗಿದ ವೃದ್ಧೆಯಾಗುವಳು. ಪರಿಚಯವಿಲ್ಲದ ಮುಖವೊಂದು ಮೇಲಿನಿಂದ ಬಾಗಿ, ಮಾತಿಲ್ಲದೆ ಬಾಯಿಗೆ ಕುಂಚವನ್ನು ತರುವುದನ್ನು ಆಕೆಯ ಕಣ್ಣಿನಿಂದಲೇ ನೋಡುವಳು. ಹಲಸಿನ ತಿರುಳಾಗಲಿ ಫರ್ಗಸನ ಶಿರಸ್ಸಾಗಲಿ ಇದನ್ನು ಕಲಿಸಲಾರವು.

ಸ್ಪರ್ಶದ ವಿಷಯ ಬೇರೆ. ಗಟ್ಟಿಯಾದ ಹಲ್ಲನ್ನು ಯಂತ್ರವು ಅನುಕರಿಸಿದಷ್ಟು ಸುಲಭವಾಗಿ ಒಣಗಿದ ತುಟಿಯನ್ನೂ, ಸಡಿಲವಾದ ಕೆನ್ನೆಯನ್ನೂ, ಕುಂಚವನ್ನು ಹೊರದೂಡುವ ನಾಲಗೆಯನ್ನೂ ಅನುಕರಿಸಲಾಗದು. ಸುಶ್ರುತನಾದರೋ ಕಿವಿಯ ಹಾಲೆಯನ್ನು ಕೂಡಿಸುವ ಅಭ್ಯಾಸಕ್ಕೆ ಮೃದುವಾದ ಮಾಂಸವನ್ನೇ ವಿಧಿಸಿದ್ದಾನೆ. ಆದುದರಿಂದ ದಂತಶುದ್ಧಿಯನ್ನು ಕಲಿಸುವ ಶಾಲೆಗಳಲ್ಲಿ ಹಳೆಯ ಪಾಠವೊಂದು ಇನ್ನೂ ಉಳಿದಿದೆ: ಶಿಷ್ಯರು ಇಬ್ಬಿಬ್ಬರಾಗಿ ಎದುರುಬದುರು ಕುಳಿತು, ಒಬ್ಬರ ಹಲ್ಲನ್ನು ಒಬ್ಬರು ಉಜ್ಜುವುದು.